ಗೇಮ್ ಐಡಿ ಕಳವಾಗಬಾರದು ಅಂತ ಸೆಕ್ಯೂರಿಟಿ ಕೀ ತಗೋಬೇಕಾ? ನಮ್ಮ ಕಡಿ ಮಂದಿ ಜರಾ ಹೇಳ್ರಿ

ಬಹಮನಿ_ಸ್ಕ್ವಾಡ್, ಕಲಬುರಗಿ

ಎಲ್ಲರಿಗೂ ಶರಣು. ಫೋನಿನಾಗ ಬಿಜಿಎಂಐ, ಪಿಸಿ ಮ್ಯಾಲ ಸ್ಟೀಮ್ ಅನ್ನೋ ಗೇಮ್ ಅಂಗಡಿಯಿಂದ ಸಿಎಸ್ 2, ಹಿಂಗ ಎರಡು ಗುಂಡು ಹಾರಿಸೋ ಆಟ ಆಡ್ತೀನಿ. ಮನ್ಯಾಗ ಪಿಸಿ ಇಲ್ಲ, ಸೂಪರ್ ಮಾರ್ಕೆಟ್ ಕಡಿ ಕೆಫೆಗೆ ಹೋಗಿ ಆಡೋದು. ನಮ್ಮ ಸ್ಕ್ವಾಡಿನಾಗ ಇಬ್ಬರ ಐಡಿ ಕಳವಾಗ್ಯಾವ, ಒಬ್ಬಂದು ಬಿಜಿಎಂಐ, ಇನ್ನೊಬ್ಬಂದು ಸ್ಟೀಮ್. ಸ್ಟೀಮಿನಾಂವ ಫೋನಿನಾಗ ಸ್ಟೀಮ್ ಗಾರ್ಡ್ ಅನ್ನೋ ಲಾಗಿನ್ ಕೋಡಿನ ವ್ಯವಸ್ಥಾ ಹಾಕ್ಕೊಂಡಿದ್ದ, 30 ಸೆಕೆಂಡಿಗೊಮ್ಮೆ ಕೋಡ್ ಬದಲಾಗ್ತಿತ್ತು, ಅಂದ್ರೂ ಹೋತು. ಆಟದಾಗಿನ ಅವನ ಚಾಕು, ಸ್ಕಿನ್ (ಬಂದೂಕಿಗೆ ಹಾಕೋ ಬಣ್ಣದ ಅಲಂಕಾರ) ಎಲ್ಲಾ ಖಾಲಿ. ಇದೇ ನನಗ ತಿಳಿವಲ್ದು, ಕೋಡ್ ಇದ್ದೂ ಹ್ಯಾಂಗ ಹೋಗ್ತದ?

ಪೆನ್‌ಡ್ರೈವ್ ಗಾತ್ರದ ಸೆಕ್ಯೂರಿಟಿ ಕೀ ಬರ್ತಾವಲ್ಲ, ಯೂಬಿಕೀ ಅಂತಾರ, ಅದನ್ನ ತಗೋಬೇಕಂತ ಮಾಡೀನಿ. ಒಂದಕ್ಕ ಕೆಲವು ಸಾವಿರ ಆಗ್ತದ. ತೊಗರಿ ಮಾರಿದ ಮ್ಯಾಲ ಕೊಡಸ್ತೀನಿ ಅಂದಾರ ಅಪ್ಪಾಜಿ. ಅವರ ರೊಕ್ಕ ದಂಡ ಆಗಬಾರದು, ಅದಕ್ಕ ಕೇಳ್ಲಿಕತ್ತೀನಿ.

ಕೆಫೆ_ಅಣ್ಣ, ಕಲಬುರಗಿ

ತಮ್ಮಾ, ಅಷ್ಟು ರೊಕ್ಕ ಹಾಕೋ ಅವಶ್ಯ ಇಲ್ಲ ಅಂತೀನಿ ನಾ. ನನ್ನ ಕೆಫೆಗೆ ಬರೋ ಹುಡುಗ್ರಾಗ ಐಡಿ ಕಳಕೊಂಡವರು ಹೆಚ್ಚಾಗಿ ಕೋಡೇ ಹಾಕದವರು. ಎಲ್ಲಾದಕ್ಕೂ ಒಂದೇ ಪಾಸ್‌ವರ್ಡ್, ಅದೂ ತಮ್ಮ ಮೊಬೈಲ್ ನಂಬರೇ. 2015ರಾಗ ಸ್ಟೀಮ್ ನಡೆಸೋ ವಾಲ್ವ್ ಕಂಪನಿನೇ ಹೇಳಿತ್ತು, ತಿಂಗಳಿಗೆ ಸುಮಾರು 77,000 ಸ್ಟೀಮ್ ಅಕೌಂಟ್ ಲೂಟಿ ಆಗ್ತಾವ ಅಂತ. ಅದರ ಸಲುವಾಗೇ ಫೋನಿನ ಕೋಡ್ ಇಲ್ಲದವರ ಟ್ರೇಡ್ (ಸ್ಕಿನ್ ಅದಲು ಬದಲು) ತಡೆಹಿಡಿಲಿಕ್ಕೆ ಶುರು ಮಾಡಿದ್ರು. ಆ್ಯಪಿನ ಕೋಡ್ ಹಾಕ್ಕೊ, ಪಾಸ್‌ವರ್ಡ್ ಬ್ಯಾರೆ ಬ್ಯಾರೆ ಇಡು. ನಿಮ್ಮ ವಯಸ್ಸಿನವರಿಗೆ ಅಷ್ಟೇ ಸಾಕು.

ಬಿದ್ರಿ_ಬೈಟ್, ಬೀದರ್ (ನೌಕ್ರಿ ಹೈದರಾಬಾದ್)

ಕೆಫೆ ಅಣ್ಣಾ ಹೇಳಿದ್ದು ಖರೆ ಅದ, ಆದ್ರ ಪೂರಾ ಖರೆ ಅಲ್ಲ. ನಿನ್ನ ಪಾಸ್‌ವರ್ಡ್ ಎಲ್ಲೋ ಸೋರಿ, ನಾಳೆ ನಾಡಿದ್ದು ಅದನ್ನ ಹಿಡ್ಕೊಂಡು ಬರೋ ಕಳ್ಳನ್ನ ಕೋಡ್ ತಡೀತದ. ನಿನ್ನ ಕೈಯಿಂದಲೇ ಕೋಡ್ ಹೊಡಿಸ್ಕೊಂಡು ಅದೇ ಗಳಿಗ್ಯಾಗ ಒಳಗ ಹೋಗೋ ಕಳ್ಳನ್ನ ತಡಿಯಂಗಿಲ್ಲ. ನಿನ್ನ ಗೆಳೆಯಂದು ಹೆಚ್ಚುಕಮ್ಮಿ ಹಿಂಗೇ ಆಗಿರಬೇಕು.

ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪಿನಾಗ ಗುರ್ತಿನ ಹುಡುಗನ ಹೆಸರಿಂದಲೇ ಮೆಸೇಜ್ ಬರ್ತದ, "ನಮ್ಮ ಟೀಮಿಗೆ ಒಂದು ವೋಟ್ ಹಾಕೋ" ಅಂತ. ಆ ಹುಡುಗಂದು ಮೊದಲೇ ಕಳವಾಗಿರ್ತದ. ಲಿಂಕ್ ಒತ್ತಿದ್ರ ಟೂರ್ನಮೆಂಟ್ ಪುಟ, ಕೆಳಗ "ಸ್ಟೀಮ್ ಮೂಲಕ ಲಾಗಿನ್" ಬಟನ್. ಅದನ್ನ ಒತ್ತಿದ ಕೂಡ್ಲೆ ಒಂದು ಸಣ್ಣ ಕಿಟಕಿ ತೆರಿತದ. ಅದರ ಮ್ಯಾಲ ಬೀಗದ ಗುರ್ತು, ವಿಳಾಸದ ಪಟ್ಟಿ, ಪಟ್ಟಿಯೊಳಗ ಸ್ಟೀಮಿನ ಖರೆ ವಿಳಾಸ, ಒಂದಕ್ಷರ ತಪ್ಪಿರಂಗಿಲ್ಲ. ಆದ್ರ ಅದು ಕಿಟಕಿನೇ ಅಲ್ಲ. ಪುಟದ ಒಳಗ ಬರೆದ ಚಿತ್ರ, ವಿಳಾಸ ಸುದ್ದಾ ಬರೆದದ್ದೇ. ಹಿಡಿಯೋ ಉಪಾಯ ಒಂದು ಅದ: ಆ ಸಣ್ಣ ಕಿಟಕಿಯ ತಲಿ ಹಿಡಿದು ಬ್ರೌಸರಿನ ಅಂಚು ದಾಟಿಸಿ ಹೊರಗ ಎಳಿ. ಖರೆ ಕಿಟಕಿ ಡೆಸ್ಕ್‌ಟಾಪ್ ಮ್ಯಾಲ ಬರ್ತದ. ಸುಳ್ಳಂದು ಅಂಚು ದಾಟಂಗಿಲ್ಲ, ಅಲ್ಲೇ ಕತ್ತರಿಸಿ ಹೋಗ್ತದ. 2022ರಾಗ ಸ್ಟೀಮ್ ಆಡೋರ ಮ್ಯಾಲ ಈ ತಂತ್ರ ಭಾಳ ನಡೀತು.

ಅಲ್ಲಿ ನೀ ಹೊಡೆದ ಪಾಸ್‌ವರ್ಡನ್ನ ಕಳ್ಳನ ಕಂಪ್ಯೂಟರ್ ಆ ಕ್ಷಣಕ್ಕೇ ಖರೆ ಸ್ಟೀಮಿಗೆ ಕೊಡ್ತದ. ಸ್ಟೀಮ್ ಕೋಡ್ ಕೇಳ್ತದ, ಸುಳ್ಳು ಪುಟನೂ ನಿನಗ ಕೋಡ್ ಕೇಳ್ತದ. ನೀ ಹೊಡೀತಿ. 30 ಸೆಕೆಂಡ್ ಅವನಿಗೆ ಧಾರಾಳ ಆತು.

ಕೀ ಕೆಲಸ ಮಾಡೋ ರೀತಿನೇ ಬ್ಯಾರೆ. ಒಂದು ತಾಣಕ್ಕ ಜೋಡಿಸಿದಾಗ ಅದು ಆ ವಿಳಾಸದ ಸಲುವಾಗಿ ಮಾತ್ರ ಒಂದು ಗುಟ್ಟು ಹುಟ್ಟಿಸಿ ತನ್ನೊಳಗ ಇಟ್ಕೋತದ, ಅದು ಹೊರಗ ಬರಂಗೇ ಇಲ್ಲ. ಮುಂದ ಲಾಗಿನ್ ಆಗುವಾಗ ನೀ ಯಾವ ವಿಳಾಸದಾಗ ಕುಂತೀ ಅಂತ ಕೀಗೆ ಹೇಳೋದು ಬ್ರೌಸರ್, ನೀನಲ್ಲ. ವಿಳಾಸ ಬ್ಯಾರೆ ಆತೋ, ಕೀ ಹತ್ರ ಅದಕ್ಕ ಕೊಡೋ ಉತ್ತರನೇ ಇಲ್ಲ. ನಿನ್ನ ಕಣ್ಣು ಮೋಸ ಹೋದ್ರೂ ಕೀ ಮೋಸ ಹೋಗಂಗಿಲ್ಲ. ಗೂಗಲ್‌ನವರು 2017ರ ಶುರುವಿನಾಗ ತಮ್ಮ 85,000ಕ್ಕೂ ಹೆಚ್ಚು ನೌಕರರಿಗೆ ಕೀ ಕಡ್ಡಾಯ ಮಾಡಿದ್ರು. ಅವತ್ತಿನಿಂದ ಒಬ್ಬರ ಕೆಲಸದ ಅಕೌಂಟೂ ಇಂಥಾ ಸುಳ್ಳು ಪುಟದಿಂದ ಹೋಗಿಲ್ಲ ಅಂತ 2018ರಾಗ ಹೇಳಿದ್ರು.

ಬಹಮನಿ_ಸ್ಕ್ವಾಡ್, ಕಲಬುರಗಿ

ಈಗ ತಲ್ಯಾಗ ಹೋತು ನೋಡ್ರಿ ಅಣ್ಣಾ. ಖರೇನೇ ವೋಟಿನ ಲಿಂಕೇ ಬಂದಿತ್ತಂತ ಅವನಿಗೆ. ಹಂಗಾದ್ರ ಕೀ ತರಿಸಿ ಸ್ಟೀಮಿಗೆ ಜೋಡಿಸಿಬಿಡ್ತೀನಿ.

ಬಿದ್ರಿ_ಬೈಟ್, ಬೀದರ್

ತಡಿ ತಡಿ. ಸ್ಟೀಮ್ ಈ ಕೀ ತಗೊಳ್ಳಂಗಿಲ್ಲ. ಅಲ್ಲಿ ಅವರ ಆ್ಯಪೇ ಗತಿ, ಇಲ್ಲಾಂದ್ರ ಇಮೇಲ್ ಕೋಡ್. ಅದಕ್ಕೇ ಕೊಳ್ಳೋಕಿಂತ ಮೊದಲ ನಿನ್ನ ಆಟ ಯಾವುದು, ಅದರ ಬಾಗಲು ಯಾವುದು ಅಂತ ನೋಡ್ಬೇಕು.

ಸ್ಟೀಮಿನಾಗ ಎರಡು ಕೆಲಸ ಇವತ್ತೇ ಮಾಡು. ಆರ್ ಅಕ್ಷರದಿಂದ ಶುರು ಆಗೋ ರಿಕವರಿ ಕೋಡ್ ಆ್ಯಪಿನಾಗ ಸಿಗ್ತದ, ಅದನ್ನ ಕಾಗದದ ಮ್ಯಾಲ ಬರ್ಕೊ. ಆಮ್ಯಾಲ ನಿನ್ನ ಅಕೌಂಟಿನ ಎಪಿಐ ಕೀ ಪುಟ ತೆರೆದು ನೋಡು. ಅದಕ್ಕೂ ಈ ಯುಎಸ್‌ಬಿ ಕೀಗೂ ಸಂಬಂಧ ಇಲ್ಲ, ಅದು ಪ್ರೋಗ್ರಾಂ ಬರೆಯೋರಿಗೆ ಕೊಡೋ ಒಂದು ಸಂಖ್ಯೆ. ನೀ ಮಾಡಿಸದೇ ಅಲ್ಲಿ ಏನರ ಇತ್ತಂದ್ರ ತಗದು ಹಾಕು. ಕಳ್ಳರು ಒಮ್ಮೆ ಒಳಗ ಬಂದಾಗ ಅದನ್ನ ಹುಟ್ಟಿಸಿಟ್ಟು ಸುಮ್ಮ ಕೂಡ್ತಾರ. ನೀ ಗೆಳೆಯಗ ಟ್ರೇಡ್ ಕಳಿಸಿದ ದಿನ ಅದನ್ನ ರದ್ದು ಮಾಡಿ, ಅದೇ ಹೆಸರು, ಅದೇ ಫೋಟೋ ಇರೋ ಸುಳ್ಳು ಅಕೌಂಟಿಂದ ಹೊಸಾದು ಕಳಸ್ತಾರ. ಫೋನಿನಾಗ ಒಪ್ಪಿಗಿ ಕೊಡೋನು ನೀನೇ.

ಬಿಜಿಎಂಐ ಮಾತು ಬ್ಯಾರೆ. ಗೂಗಲ್ ಪ್ಲೇ, ಫೇಸ್‌ಬುಕ್, ಎಕ್ಸ್, ಇವುಗಳಿಂದ ಒಳಗ ಹೋಗ್ತೀರಿ ಹೌದಲ್ಲೋ? ಅಂದ್ರ ಕಾಯಬೇಕಾದ್ದು ಆ ಅಕೌಂಟನ್ನ. ಈ ಮೂರೂ ಸೆಕ್ಯೂರಿಟಿ ಕೀ ತಗೋತಾವ. ಎಕ್ಸ್ ಅಂತೂ 2023ರ ಮಾರ್ಚಿನಿಂದ ಎಸ್‌ಎಂಎಸ್ ಕೋಡನ್ನ ರೊಕ್ಕ ಕೊಟ್ಟವರಿಗೆ ಮಾತ್ರ ಇಟ್ಟದ, ಉಳಿದವರಿಗೆ ಆ್ಯಪ್ ಅಥವಾ ಕೀ. ಎಕ್ಸ್‌ಬಾಕ್ಸ್, ಮೈನ್‌ಕ್ರಾಫ್ಟ್ ಇದ್ದವರು ಮೈಕ್ರೋಸಾಫ್ಟ್ ಅಕೌಂಟಿಗೆ ಕೀ ಜೋಡಿಸಬಹುದು. ಪ್ಲೇಸ್ಟೇಷನ್‌ನಾಗ 2024ರಿಂದ ಪಾಸ್‌ಕೀ ಅದ, ಅಂದ್ರ ಪಾಸ್‌ವರ್ಡ್ ಬದಲಿಗೆ ಫೋನಿನಾಗೋ ಕೀದಾಗೋ ಕೂಡೋ ಇಂಥದೇ ಗುಟ್ಟು.

ಹಳೇ_ರೇಡರ್, ಕಲಬುರಗಿ

ಇದು ಹೊಸ ಗಲಾಟೆಯಲ್ಲ ಹುಡುಗರೇ. ಬ್ಲಿಝಾರ್ಡ್ ಕಂಪನಿ 2008ರಲ್ಲೇ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುವವರಿಗಾಗಿ ಕೀಚೈನಿಗೆ ಹಾಕುವ ಸಣ್ಣ ಸಾಧನವನ್ನು ಆರೂವರೆ ಡಾಲರಿಗೆ ಮಾರಿತು. ಗುಂಡಿ ಒತ್ತಿದರೆ ಪುಟ್ಟ ಪರದೆಯ ಮೇಲೆ ಅಂಕಿಗಳು ಮೂಡುತ್ತಿದ್ದವು, ಅವನ್ನು ಲಾಗಿನ್ ಆಗುವಾಗ ಹೊಡೆಯಬೇಕು. ಆಗಿನ್ನೂ ಎಷ್ಟೋ ಬ್ಯಾಂಕುಗಳು ಬರೀ ಪಾಸ್‌ವರ್ಡಿನಲ್ಲೇ ಇದ್ದವು. ಆಟದವರು ಮುಂದಿದ್ದರು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಜನ ಹಾಕಿಕೊಳ್ಳಲಿ ಎಂದು ಆಟದೊಳಗೇ ಬಹುಮಾನ ಕೊಟ್ಟರು. ವಾರ್‌ಕ್ರಾಫ್ಟಿನಲ್ಲಿ ಎರಡು ತಲೆಯ ನಾಯಿಮರಿ. ಫೈನಲ್ ಫ್ಯಾಂಟಸಿ 11ರಲ್ಲಿ ಸಾಮಾನು ಇಡಲು ಒಂದು ಹೆಚ್ಚಿನ ಚೀಲ. ಆಮೇಲೆ ಫೋರ್ಟ್‌ನೈಟ್‌ನವರು ಒಂದು ಕುಣಿತ ಕೊಟ್ಟರು.

ಆದರೆ 2010ರಲ್ಲೇ ಕಳ್ಳರು ಆ ಸಾಧನದ ಸುತ್ತ ದಾರಿ ಹುಡುಕಿದ್ದರು. ಆಟಗಾರನ ಕಂಪ್ಯೂಟರಿನಲ್ಲಿ ಕುಳಿತ ಕುತಂತ್ರಾಂಶ, ಹೊಡೆದ ಅಂಕಿಯನ್ನು ನಡುದಾರಿಯಲ್ಲೇ ಎತ್ತಿಕೊಂಡು ಕಳ್ಳನಿಗೆ ಕೊಡುತ್ತಿತ್ತು. ಬೀದರಿನ ತಮ್ಮ ಹೇಳಿದ್ದೂ ಅದೇ ದೋಷವನ್ನು. ಅಂಕಿ ಮನುಷ್ಯನ ಕೈಯಿಂದ ಹಾಯ್ದು ಹೋಗುವ ತನಕ ನಡುವೆ ಕದಿಯಬಹುದು. 2014ರಲ್ಲಿ ಯು2ಎಫ್, 2019ರಲ್ಲಿ ವೆಬ್‌ಆಥೆಂಟಿಕೇಶನ್ ಎಂಬ, ಈಗಿನ ಕೀಗಳ ಮಾನದಂಡಗಳು ಬಂದ ಮೇಲೆಯೇ ಅಂಕಿ ಹೊಡೆಯುವ ಕೆಲಸ ತಪ್ಪಿದ್ದು.

ಸುರಪುರ_ಅಕ್ಕ, ಯಾದಗಿರಿ ಜಿಲ್ಲಾ

ಅಣ್ಣಾರ, ನೀವು ಹೇಳೋದೆಲ್ಲಾ ಓದಿದೆ. ನಮ್ಮ ಮನಿ ಪರಿಸ್ಥಿತಿಗೆ ಹ್ಯಾಂಗ ಹೊಂದಸಬೇಕು ಹೇಳ್ರಿ. ನನ್ನ ತಮ್ಮ ಎಂಟನೇತ್ತ ಓದ್ತಾನ, ಫ್ರೀ ಫೈರ್ ಮ್ಯಾಕ್ಸ್ ಆಡ್ತಾನ. ಮನ್ಯಾಗ ದೊಡ್ಡ ಫೋನ್ ಒಂದೇ, ಅವ್ವ, ನಾನು, ಅವ ಮೂರೂ ಮಂದಿ ಅದನ್ನೇ ಹಿಡಿತೀವಿ. ಪ್ಯಾಟರ್ನ್ ಎಲ್ಲರಿಗೂ ಗೊತ್ತದ, ಬಾಜೂ ಮನಿ ಹುಡುಗ್ರಿಗೂ ಗೊತ್ತದ. ಅವನ ಆಟ ಇರೋದು ಒಂದು ಫೇಸ್‌ಬುಕ್ ಮ್ಯಾಲ. ಆ ಫೇಸ್‌ಬುಕ್ ಮಾಡಿಕೊಟ್ಟಿದ್ದು ನಮ್ಮ ಮಾವ, ಪುಣೆಕ್ಕ ದುಡಿಲಿಕ್ಕೆ ಹೋಗೋಕಿಂತ ಮೊದಲ, ತನ್ನ ಹಳೇ ನಂಬರಿನಿಂದ. ಆ ಸಿಮ್ ಬಂದ್ ಆಗಿ ಭಾಳ ದಿನ ಆತು. ಹೋದ ತಿಂಗಳು "ಡೈಮಂಡ್ ಫ್ರೀ" ಅಂತ ಬಂದ ಲಿಂಕ್ ಒತ್ಲಿಕ್ಕೆ ಹೊಂಟಿದ್ದ, ನಾ ಕಸ್ಕೊಂಡೆ. ಕೀ ಕೊಡಿಸೋ ಶಕ್ತಿ ನಮಗಿಲ್ಲ. ಏನ್ ಮಾಡಬೇಕ್ರಿ?

ಜಗತ್_ಮೊಬೈಲ್, ಕಲಬುರಗಿ

ಅಕ್ಕಾರ, ನಿಮ್ಮ ಪ್ರಶ್ನೆನೇ ನಮ್ಮ ಅಂಗಡಿಗೆ ಬರೋ ಅರ್ಧ ಮಂದಿ ಪ್ರಶ್ನೆ. ನಿಮ್ಮಲ್ಲಿ ದೊಡ್ಡ ಅಪಾಯ ಇರೋದು ಮಾವನ ಸಿಮ್ಮಿನಾಗ. ಬಂದ್ ಆದ ನಂಬರನ್ನ 90 ದಿನ ದಾಟಿದ ಮ್ಯಾಲ ಕಂಪನಿಯವರು ಬ್ಯಾರೆಯವರಿಗೆ ಕೊಡಬಹುದು. ಅದು ಈಗಾಗಲೇ ಯಾರದ್ದೋ ಕೈಯಾಗ ಇರಬಹುದು. ಆ ಮನುಷ್ಯಾಗ ಕೆಟ್ಟ ಬುದ್ಧಿ ಇರಬೇಕಂತಿಲ್ಲ, ಆ ನಂಬರ್ ಹಾಕಿ "ಪಾಸ್‌ವರ್ಡ್ ಮರೆತೆ" ಒತ್ತಿದ್ರ ಓಟಿಪಿ ಅವರಿಗೇ ಹೋಗ್ತದ, ಕಥಿ ಮುಗೀತು. ಇದಕ್ಕ ಯಾವ ಕೀನೂ, ಯಾವ ಆ್ಯಪೂ ಉತ್ತರ ಅಲ್ಲ.

ಅದಕ್ಕ ಫೋನಿನಾಗ ಆ ಫೇಸ್‌ಬುಕ್ ಇನ್ನೂ ತೆರೆದಿದ್ದಾಗಲೇ ಕೆಲಸ ಮುಗಸ್ರಿ. ಒಮ್ಮೆ ಲಾಗೌಟ್ ಆತಂದ್ರ ಮತ್ತ ಒಳಗ ಹೋಗ್ಲಿಕ್ಕೆ ಆ ಹಳೇ ನಂಬರಿಗೇ ಓಟಿಪಿ ಹೋಗ್ತದ. ಮೊದಲ ಅವ್ವಾರ ಹೆಸರಿನಾಗ ಇರೋ, ದಿನಾ ಚಾಲೂ ಇರೋ ನಂಬರ್ ಸೇರಸ್ರಿ. ಅದಕ್ಕ ಬಂದ ಕೋಡ್ ಹಾಕಿ ಖಾತ್ರಿ ಮಾಡ್ರಿ. ಆಮ್ಯಾಲ ಹಳೇ ನಂಬರ್ ತಗೀರಿ, ಪಾಸ್‌ವರ್ಡ್ ಬದಲಿ ಮಾಡ್ರಿ. ನಿಮ್ಮದೇ ಇಮೇಲ್ ಒಂದು ಜೋಡಸ್ರಿ. ಸಂಚಾರ್ ಸಾಥಿ ತಾಣದಾಗ ನಿಮ್ಮ ಹೆಸರಿನ ಮ್ಯಾಲ ಎಷ್ಟು ಸಿಮ್ ಅವ ಅಂತ ನೋಡಬಹುದು, ಗೊತ್ತಿಲ್ಲದ್ದು ಇದ್ರ ಅಲ್ಲೇ ದೂರು ಕೊಡಬಹುದು.

ಪ್ಯಾಟರ್ನ್ ಮಾತಿಗೆ ಬರ್ತೀನಿ. ಈಗ ಫೋನಿನಾಗೇ ಪಾಸ್‌ಕೀ ಮಾಡ್ಕೋರಿ ಅಂತ ಗೂಗಲ್ ಕೇಳ್ತದ. ಒಬ್ಬರ ಫೋನ್ ಆದ್ರ ಅದು ಭಾಳ ಚಲೋ, ರೊಕ್ಕನೂ ಇಲ್ಲ, ಸುಳ್ಳು ಪುಟಕ್ಕೂ ಬಗ್ಗಂಗಿಲ್ಲ. ಆದ್ರ ಅದನ್ನ ತೆರೆಯೋದು ಫೋನಿನ ಲಾಕ್. ಬಾಜೂ ಮನಿ ಹುಡುಗಗ ಪ್ಯಾಟರ್ನ್ ಗೊತ್ತಿದ್ರ ಪಾಸ್‌ಕೀನೂ ಅವನ ಕೈಯಾಗ ಅದ ಅಂತ ತಿಳೀರಿ. ಮೊದಲ ಪ್ಯಾಟರ್ನ್ ತಗದು ಆರು ಅಂಕಿ ಪಿನ್ ಹಾಕ್ರಿ, ಅದು ಮನಿಯವರಿಗೆ ಅಷ್ಟೇ ಗೊತ್ತಿರಲಿ. ಗೂಗಲ್ ಅಕೌಂಟಿಗೆ ಬ್ಯಾಕಪ್ ಕೋಡ್ ಅಂತ 8 ಅಂಕಿಯ 10 ಕೋಡ್ ಸಿಗ್ತಾವ, ಒಂದೊಂದು ಒಂದೇ ಸಲ ನಡೀತದ. ಅವನ್ನ ಬರ್ದು ರೇಷನ್ ಕಾರ್ಡ್ ಇಡೋ ಕಡಿ ಇಡ್ರಿ. ಫೋನಿನಾಗ ಫೋಟೋ ತಗದು ಇಡಬ್ಯಾಡ್ರಿ.

ಇನ್ನೊಂದು ಮಾತು, ಎಲ್ಲಾ ಹುಡುಗ್ರಿಗೂ. ಇನ್‌ಸ್ಟಾದಾಗ ಐಡಿ ಕೊಳ್ಳೋದು ಬಿಡ್ರಿ. "ಮ್ಯಾಕ್ಸ್ ಗನ್ ಐಡಿ, ಎರಡು ಸಾವಿರ" ಅಂತ ಮಾರ್ತಾರ. ಮೊದಲು ಮಾಡಿದವನ ಇಮೇಲ್, ಅವನ ಹಳೇ ಬಿಲ್ಲು ಎಲ್ಲಾ ಅವನ ಹತ್ರನೇ ಇರ್ತಾವ. ರೊಕ್ಕ ತಗೊಂಡು ಸ್ವಲ್ಪ ದಿನಕ್ಕ ರಿಕವರಿ ಹಾಕಿ ವಾಪಸ್ ಎಳ್ಕೋತಾನ, ಮತ್ತೊಬ್ಬಗ ಮಾರ್ತಾನ. ಅಂಥಾ ಐಡಿಗೆ ಎಷ್ಟು ಕೀ ಹಾಕಿದ್ರೂ ಅದು ನಿಮ್ಮದಾಗಂಗಿಲ್ಲ. ಕಂಪನಿ ಹತ್ರ ಹೋದ್ರ ಖರೀದಿನೇ ನಿಯಮಕ್ಕ ವಿರುದ್ಧ ಅಂತ ಕೈ ತೊಳ್ಕೋತದ.

ಸುರಪುರ_ಅಕ್ಕ, ಯಾದಗಿರಿ ಜಿಲ್ಲಾ

ಭಾಳ ಉಪಕಾರ ಆತ್ರಿ ಅಣ್ಣಾರ. ಲಾಗೌಟ್ ಆಗಿಲ್ಲ ಇನ್ನೂ. ಅವ್ವ ಹೊಲದಿಂದ ಬಂದ ಕೂಡ್ಲೆ ನಂಬರ್ ಬದಲಿ ಮಾಡ್ತೀನಿ.

ಕೆಫೆ_ಅಣ್ಣ, ಕಲಬುರಗಿ

ಬಿದ್ರಿ ತಮ್ಮಾ, ಕಿಟಕಿ ಎಳೆಯೋ ಉಪಾಯ ಚಲೋ ಅದ, ಕೆಫೆ ಗೋಡಿ ಮ್ಯಾಲ ಬರ್ದು ಹಚ್ತೀನಿ. ಆದ್ರ ಕೀ ಇದ್ದವರೂ ನೆಮ್ಮದಿಯಿಂದ ಕೂಡಬಾರದು ಅನ್ನೋ ಒಂದು ವಿಷಯ ಹೇಳಬೇಕು. ಲಾಗಿನ್ ಆದ ಮ್ಯಾಲ ಬ್ರೌಸರ್ "ಇವ ಒಳಗ ಬಂದಾನ" ಅಂತ ಒಂದು ಗುರುತಿನ ಚೀಟಿ ಇಟ್ಕೋತದ, ಕುಕೀ ಅಂತಾರ. ಅದನ್ನೇ ಕದ್ರ ಪಾಸ್‌ವರ್ಡ್ ಬ್ಯಾಡ, ಕೋಡ್ ಬ್ಯಾಡ, ಕೀನೂ ಬ್ಯಾಡ. ರೆಡ್‌ಲೈನ್, ಲುಮ್ಮಾ ಅಂತ ಇದೇ ಕೆಲಸದ ಕುತಂತ್ರಾಂಶಗಳು. 2024ರ ಅಕ್ಟೋಬರಿನಾಗ ಹಲವು ದೇಶದ ಪೊಲೀಸರು ಕೂಡಿ ರೆಡ್‌ಲೈನ್ ಜಾಲ ಮುರಿದ್ರು, 2025ರ ಮೇದಾಗ ಮೈಕ್ರೋಸಾಫ್ಟ್‌ನವರು ಲುಮ್ಮಾಕ್ಕ ಕೈ ಹಾಕಿದ್ರು.

ಇವು ಹ್ಯಾಂಗ ಬರ್ತಾವ ಗೊತ್ತಾ? ಯೂಟ್ಯೂಬ್ ವಿಡಿಯೋ ಕೆಳಗ "ಏಮ್‌ಬಾಟ್", "ಸ್ಕಿನ್ ಚೇಂಜರ್" ಅಂತ ಮೋಸದಾಟದ ತಂತ್ರಾಂಶದ ಲಿಂಕ್, "ಆ್ಯಂಟಿವೈರಸ್ ಬಂದ್ ಮಾಡಿ ಇನ್‌ಸ್ಟಾಲ್ ಮಾಡ್ರಿ" ಅಂತ ಸೂಚನಾ. ಆ ಒಂದು ಸಾಲು ಓದಿದ ಕೂಡ್ಲೆ ಅಲ್ಲಿಂದ ಏಳಬೇಕು. ನನ್ನ ಮಷಿನ್ ಎಲ್ಲಾ ರೀಸ್ಟಾರ್ಟ್ ಮಾಡಿದ್ರ ಮೊದಲಿನಂಗ ಆಗೋ ಹಂಗ ಇಟ್ಟೀನಿ, ಒಬ್ಬರು ಎದ್ದ ಮ್ಯಾಲ ರೀಸ್ಟಾರ್ಟ್ ಮಾಡೇ ಇನ್ನೊಬ್ಬರಿಗೆ ಕೊಡ್ತೀನಿ. ಬ್ಯಾರೆ ಕೆಫೆದಾಗ ಕೂಡುವಾಗ ಇದು ಅದ ಏನು ಅಂತ ಕೇಳ್ರಿ. ಎದ್ದೇಳುವಾಗ ಬರೀ ಕಿಟಕಿ ಮುಚ್ಚಬ್ಯಾಡ್ರಿ, ಲಾಗೌಟ್ ಒತ್ರಿ. ಮನಿಗೆ ಹೋಗಿ ಫೋನಿನಿಂದ "ಎಲ್ಲಾ ಸಾಧನದಿಂದ ಹೊರಗ ಹಾಕು" ಅನ್ನೋದನ್ನೂ ಒತ್ರಿ. ಕದ್ದ ಕುಕೀ ಆವಾಗ ಸಾಯ್ತದ.

ಕೀ ಟೇಬಲ್ ಮ್ಯಾಲ ಮರ್ತು ಹೋದ್ರ ಏನು? ನನ್ನ ಕೆಫೆದಾಗ ಹೆಡ್‌ಫೋನೇ ಮರ್ತು ಹೋಗೋ ಹುಡುಗ್ರು ಇವರು.

ಬಿದ್ರಿ_ಬೈಟ್, ಬೀದರ್

ಕುಕೀ ವಿಷಯ ನೀವು ಎತ್ತಿದ್ದು ಚಲೋ ಆತು ಅಣ್ಣಾ, ನಾನೇ ಹೇಳೋನಿದ್ದೆ. ಕೀ ಮರ್ತ್ರ ಸಿಕ್ಕವನಿಗೆ ಅದೊಂದೇ ಸಾಕಾಗಂಗಿಲ್ಲ, ಪಾಸ್‌ವರ್ಡ್ ಬೇಕು. ಪಾಸ್‌ಕೀ ಅಂತ ಬಳಸ್ತಿದ್ರ ಕೀಗೇ ಪಿನ್ ಇರ್ತದ, ಯೂಬಿಕೀದಾಗ 8 ಸಲ ತಪ್ಪು ಹೊಡೆದ್ರ ಅದು ತಾನೇ ಲಾಕ್ ಆಗ್ತದ. ಕಳಕೊಂಡವ ಬ್ಯಾಕಪ್ ಕೋಡಿನಿಂದ ಒಳಗ ಹೋಗಿ ಆ ಕೀ ಹೆಸರು ತಗದು ಹಾಕಿದ್ರ ಆತು.

ಸೇಡಂ_ವಕೀಲ, ಕಲಬುರಗಿ ಜಿಲ್ಲಾ

ಕಳವಾದ ಮೇಲೆ ಏನು ಎಂಬುದನ್ನು ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬೇರೆಯವರ ಪಾಸ್‌ವರ್ಡ್ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಅಪರಾಧ, ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವುದು 66ಡಿ ಅಡಿ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಯುಪಿಐ, ಕಾರ್ಡಿನಿಂದ ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬರೀ ಐಡಿ ಹೋಗಿದ್ದರೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು, ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು. ಆಟದೊಳಗಿನ ಐಡಿ ಸಂಖ್ಯೆ, ಖರೀದಿಯ ಬಿಲ್ಲುಗಳು, ಲಾಗಿನ್ ಬದಲಾಯಿತು ಎಂದು ಬಂದ ಇಮೇಲ್, ಇವನ್ನು ಅಳಿಸಬೇಡಿ. ಕಂಪನಿಯವರು ನೀವೇ ಮಾಲೀಕರು ಎನ್ನುವುದನ್ನು ಒಪ್ಪುವುದೂ ಇವುಗಳ ಮೇಲೆಯೇ.

ಹೊಸ ಕಾನೂನು ಬಂದಿದೆ, ಠಾಣೆಗೆ ಹೋದರೆ ನಮ್ಮನ್ನೇ ಹಿಡಿಯುತ್ತಾರೆ ಎಂದು ಕೆಲವು ಹುಡುಗರು ಹೆದರಿ ಸುಮ್ಮನಿದ್ದಾರೆ. 2025ರ ಆಗಸ್ಟ್‌ನಲ್ಲಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಇ-ಸ್ಪೋರ್ಟ್ಸನ್ನು ಅದು ಮಾನ್ಯ ಮಾಡಿದೆ. ಆಡುವವನಿಗೆ ಅದರಲ್ಲಿ ಶಿಕ್ಷೆಯೂ ಇಲ್ಲ. ಕಳ್ಳತನಕ್ಕೆ ಒಳಗಾದವರು ಧೈರ್ಯವಾಗಿ ಹೋಗಿ.

ಬಹಮನಿ_ಸ್ಕ್ವಾಡ್, ಕಲಬುರಗಿ

ಎಲ್ಲರಿಗೂ ಧನ್ಯವಾದ. ನನ್ನ ಬಿಜಿಎಂಐ ಗೂಗಲ್ ಮ್ಯಾಲ ಅದ, ಅದೇ ಗೂಗಲ್ ಇಮೇಲೇ ಸ್ಟೀಮಿಗೂ ಕೊಟ್ಟೀನಿ. ಅಂದ್ರ ಆ ಒಂದು ಅಕೌಂಟ್ ಹೋದ್ರ ಎರಡೂ ಹೋದಂಗ. ಅದಕ್ಕ ಗೂಗಲ್‌ಗೆ ಕೀ ಹಾಕೋದು ಖಾತ್ರಿ ಮಾಡೀನಿ. ಊರು ಕೊಳ್ಳಿ ಹೊಡೆದ ಮ್ಯಾಲ ಅಗಸಿ ಬಾಗಲು ಹಾಕೋದು ನನಗ ಬ್ಯಾಡ. ಆದ್ರ ಎಲ್ಲಾ ಕಡಿ ಎರಡು ಕೀ ತಗೋರಿ ಅಂತ ಬರ್ದಾರ. ಎರಡಕ್ಕ ಅಪ್ಪಾಜಿಗೆ ಕೇಳ್ಲಿಕ್ಕೆ ನನಗ ಮನಸ್ಸಿಲ್ಲ. ಒಂದೇ ಆದ್ರ ನಡೀತದ? ಯಾವ ನಮೂನಿ ತಗೋಬೇಕು? ಓಎಲ್‌ಎಕ್ಸ್‌ದಾಗ ಹಳೇದು ಅಗ್ಗಕ್ಕ ಸಿಗ್ತಾವ.

ಬಿದ್ರಿ_ಬೈಟ್, ಬೀದರ್

ಹಳೇದು ಬ್ಯಾಡ. ಯಾರ ಕೈಯಾಗ ಇತ್ತು, ಏನು ಮಾಡ್ಯಾರ ಅಂತ ನೋಡ್ಲಿಕ್ಕೆ ನಿನಗ ದಾರಿ ಇಲ್ಲ. ಮತ್ತೊಂದು ಕಾರಣನೂ ಅದ: 2024ರ ಸೆಪ್ಟೆಂಬರಿನಾಗ ಯೂಬಿಕೀ 5ರ ಚಿಪ್ಪಿನಾಗ ಒಂದು ದೋಷ ಹೊರಗ ಬಿತ್ತು. ಕೀ ಕೈಗೆ ಸಿಕ್ಕು, ಲಕ್ಷಗಟ್ಟಲೆ ಬೆಲಿ ಉಪಕರಣ ಇದ್ದವನಿಗೆ ಅದನ್ನ ನಕಲು ಮಾಡ್ಲಿಕ್ಕೆ ಬರ್ತದ. ನಿನ್ನ ಸ್ಕಿನ್ ಸಲುವಾಗಿ ಯಾರೂ ಅಷ್ಟು ಮಾಡಂಗಿಲ್ಲ, ಆದ್ರ 5.7 ಫರ್ಮ್‌ವೇರಿನಿಂದ (ಕೀಯೊಳಗಿನ ತಂತ್ರಾಂಶ) ಅದು ಸರಿ ಆಗ್ಯಾದ, ಹಳೇ ಕೀಗೆ ಫರ್ಮ್‌ವೇರ್ ಹೊಸಾದು ಹಾಕ್ಲಿಕ್ಕೆ ಬರಂಗಿಲ್ಲ. ಹೊಸಾದೇ ತಗೊ, 5.7 ಅಥವಾ ಅದರ ಮುಂದಿಂದು ಅಂತ ಕೇಳಿ ತಗೊ. ಗೂಗಲ್‌ಗೆ ಅಷ್ಟೇ ಆದ್ರ 5 ಸರಣಿನೂ ಬೇಕಾಗಿಲ್ಲ. ಅದೇ ಕಂಪನಿದು ಬರೀ ಸೆಕ್ಯೂರಿಟಿ ಕೀ ಅಂತ ಕಡಿಮಿ ಬೆಲಿದು ಬರ್ತದ, ಸಾಕು.

ನಮೂನಿ ನಿನ್ನ ಫೋನ್ ಮ್ಯಾಲ ಅದ. ಅಗ್ಗದ ಫೋನಿನಾಗ ಎನ್‌ಎಫ್‌ಸಿ (ಕೀಯನ್ನ ಫೋನಿಗೆ ಬರೀ ತಾಗಿಸಿ ಬಳಸೋ ಸೌಲಭ್ಯ) ಹೆಚ್ಚಾಗಿ ಇರಂಗಿಲ್ಲ, ಸೆಟ್ಟಿಂಗ್ಸ್‌ನಾಗ ಹುಡುಕಿ ನೋಡು. ಇಲ್ಲಾಂದ್ರ ಟೈಪ್-ಸಿ ತಗೊ, ಫೋನಿಗೆ ನೇರ ಚುಚ್ಚಬಹುದು. ಕೆಫೆ ಪಿಸಿಗೆ ಹಳೇ ಯುಎಸ್‌ಬಿ ತೂತೇ ಇರೋದಾದ್ರ ಸಣ್ಣ ಅಡಾಪ್ಟರ್ ಒಂದು ಇಟ್ಕೊ.

ಒಂದೇ ಕೀ ನಡೀತದ. ಎರಡನೇದರ ಜಾಗಾಕ್ಕ ಬ್ಯಾಕಪ್ ಕೋಡ್ ಬರೆದ ಕಾಗದ ಇಟ್ಕೊ, ಒಂದು ಪ್ರತಿ ಮನ್ಯಾಗ, ಒಂದು ಅಪ್ಪಾಜಿ ಹತ್ರ. ಕೀ ಬಂದ ದಿನ ಕೆಫೆದಾಗ ಜೋಡಸಬ್ಯಾಡ, ನಿನ್ನ ಫೋನಿನಾಗ ಜೋಡಸು. ಜೋಡಿಸಿದ ಮ್ಯಾಲ ಒಮ್ಮೆ ಲಾಗೌಟ್ ಆಗಿ ಕೀ ಹಚ್ಚಿ ಒಳಗ ಬಾ, ಇನ್ನೊಮ್ಮೆ ಕಾಗದದ ಒಂದು ಕೋಡ್ ಹಾಕಿ ಒಳಗ ಬಾ. ಎರಡೂ ದಾರಿ ನಡೆದ್ವು ಅಂದ ಮ್ಯಾಲೇ ಎಸ್‌ಎಂಎಸ್ ಕೋಡ್ ತಗೀ. ಅದನ್ನ ಹಂಗೇ ಬಿಟ್ರ ಕಳ್ಳ ಕೀ ದಾರಿ ಬಿಟ್ಟು "ಬೇರೆ ವಿಧಾನ" ಒತ್ತಿ ಎಸ್‌ಎಂಎಸ್ ದಾರಿಯಿಂದ ಬರ್ತಾನ.

ಬಹಮನಿ_ಸ್ಕ್ವಾಡ್, ಕಲಬುರಗಿ

ನೋಡ್ದೆ ಅಣ್ಣಾ, ನನ್ನ ಫೋನಿನಾಗ ಎನ್‌ಎಫ್‌ಸಿ ಇಲ್ಲ. ಟೈಪ್-ಸಿ ಒಂದೇ ತರಸ್ತೀನಿ. ಸ್ಟೀಮಿನ ರಿಕವರಿ ಕೋಡ್ ಈಗ ಬರ್ಕೊಂಡೆ, ಎಪಿಐ ಪುಟ ಖಾಲಿ ಅದ. ಸ್ಟೀಮ್ ಕಳಕೊಂಡ ಗೆಳೆಯಗ ವಕೀಲರು ಹೇಳಿದ್ದೆಲ್ಲಾ ಕಳ್ಸೀನಿ, ಇಮೇಲ್ ಇನ್ನೂ ಅಳಿಸಿಲ್ಲಂತ. ನಾಳೆ ಅವನ ಸಂಗಟ ಠಾಣೆಗೆ ಹೋಗ್ತೀನಿ.